ನಮ್ಮ ಭಾವನ ಸುಟ್ಟ ಮನೆಗಳು

ನಮ್ಮ ಭಾವನಿಗೆ ಒಳ್ಳೆಯ ಮನೆ ತೋರಿಸಿದರೆ ಮುಖ ಬಾಡಿಹೋಗುತ್ತದೆ. ಗೋಡೆ ನೆಟ್ಟಗಿದೆ, ಹೆಂಚು ಒಂದೂ ಒಡೆದಿಲ್ಲ, ಹೋದ ವರ್ಷವಷ್ಟೇ ಬಣ್ಣ ಹೊಡೆಸಿದ್ದಾರೆ ಎಂದು ಯಾರಾದರೂ ಬಣ್ಣಿಸತೊಡಗಿದರೆ, ಸಂಬಂಧ ತಪ್ಪಿಹೋದ ಗಂಡಿನಂತೆ ಕುಳಿತಿರುತ್ತಾರೆ. ಕೊನೆಗೆ ಎದ್ದು ಪಂಚೆ ಕೊಡವಿ, "ಚೆನ್ನಾಗಿರೋ ಮನೇಲಿ ನಮಗೇನ್ ಕೆಲ್ಸ?" ಎಂದು ಹೊರಟುಬಿಡುತ್ತಾರೆ. ಅದೇ, "ಅಡುಗೆಮನೆಗೆ ಬೆಂಕಿ ಬಿದ್ದು ಅಟ್ಟವೆಲ್ಲ ಹೋಯ್ತಂತೆ" ಎಂಬ ಒಂದು ಮಾತು ಕಿವಿಗೆ ಬೀಳಲಿ, ಊಟದ ಎಲೆಯ ಮುಂದಿದ್ದರೂ ಎದ್ದು ಜೀಪಿನ ಕೀಲಿ ಹುಡುಕುತ್ತಾರೆ.

ಅವರ ಕಸುಬೇ ಅದು. ಸಕಲೇಶಪುರ, ಆಲೂರು ಕಡೆಯ ಗುಡ್ಡಗಳಲ್ಲಿ ಎಲ್ಲಿ ಮನೆ ಸುಟ್ಟಿದೆಯೋ ಅಲ್ಲಿಗೆ ಹೋಗುವುದು, ಕೊಳ್ಳುವುದು, ರಿಪೇರಿ ಮಾಡಿ ಮಾರುವುದು. "ನಾನು ರಿಯಲ್ ಎಸ್ಟೇಟ್ ಇನ್ವೆಸ್ಟರ್ರು" ಎಂದು ಅವರು ಎದೆಯುಬ್ಬಿಸಿ ಹೇಳಿಕೊಂಡರೆ, ನಮ್ಮಕ್ಕ ಒಳಗಿನಿಂದಲೇ, "ಇದ್ದಿಲು ವ್ಯಾಪಾರ ಅಂತ ಹೇಳ್ರಿ, ಬೇಗ ಅರ್ಥ ಆಗ್ತೈತೆ" ಎನ್ನುತ್ತಾಳೆ. ಭಾವನ ಅಂಗಿಗಳನ್ನು ಒಗೆಯುವವಳು ಅವಳಾದ್ದರಿಂದ ಅವಳ ಮಾತನ್ನು ತಳ್ಳಿಹಾಕುವಂತಿಲ್ಲ.

ಈ ಹುಚ್ಚಿನ ಸುಳಿವು ನಮಗೆ ಮೊದಲ ದಿನವೇ ಸಿಕ್ಕಿತ್ತು. ಅಕ್ಕನನ್ನು ನೋಡಲು ಬಂದ ದಿನ ಇವರು ಅಕ್ಕನನ್ನು ನೋಡಲೇ ಇಲ್ಲ! ಅಕ್ಕ ಕಾಫಿ ತಂದಿಟ್ಟಳು, ಉಪ್ಪಿಟ್ಟು ತಂದಿಟ್ಟಳು, ಸೆರಗು ಸರಿಮಾಡಿಕೊಂಡು ಎದುರಿಗೇ ಕುಳಿತಳು. ಇವರು ಮಾತ್ರ ಕತ್ತೆತ್ತಿ ಮಾಡಿನ ತೊಲೆಯನ್ನೇ ನೋಡುತ್ತಿದ್ದರು. ಹುಡುಗನಿಗೆ ಕತ್ತು ಉಳುಕಿರಬೇಕು ಎಂದು ಅಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಅಷ್ಟರಲ್ಲಿ ಅವರು ಅಪ್ಪನನ್ನು ಕೇಳಿದರು: "ಮಾವ, ಈ ತೊಲೆಗೆ ಯಾವಾಗ ಬೆಂಕಿ ಬಿದ್ದಿತ್ತು?"

ಹೆಣ್ಣು ನೋಡುವ ಹೊತ್ತಿನಲ್ಲಿ ಆಡುವ ಮಾತೇ ಅದು? ಅಪ್ಪನ ಮುಖ ಕೆಂಪಾಯಿತು. ನಮ್ಮ ಮನೆಗೆ ಎಂದೂ ಬೆಂಕಿ ಬಿದ್ದಿಲ್ಲ, ಅದು ಒಲೆಯ ಹೊಗೆಯ ಮಸಿ ಎಂದು ಖಡಕ್ಕಾಗಿ ಹೇಳಿದರು. ಆದರೆ ಮೂಲೆಯಲ್ಲಿ ಕುಳಿತಿದ್ದ ಅಜ್ಜಿಯ ಕೈಯಲ್ಲಿದ್ದ ಎಲೆಯಡಿಕೆ ಜಾರಿಬಿತ್ತು. ಆಕೆ ಹೊಸ ಮದುವಣಗಿತ್ತಿಯಾಗಿ ಈ ಮನೆಗೆ ಬಂದ ಕಾಲದಲ್ಲಿ, ಆಕೆಯ ಕೈಯಿಂದಲೇ ಅಟ್ಟಕ್ಕೆ ಕಿಡಿ ಹಾರಿತ್ತಂತೆ. ಅತ್ತೆ ಸೊಸೆ ಸೇರಿ ಆರಿಸಿ, ಗಂಡಸರಿಗೆ ಗೊತ್ತಾಗದ ಹಾಗೆ ಮಸಿ ಬಳಿದು ಮುಚ್ಚಿದ್ದರಂತೆ. ಅಪ್ಪನಿಗೇ ಗೊತ್ತಿಲ್ಲದ ಸಂಗತಿ ಅದು. ಅಜ್ಜಿ ಅಂದೇ ತೀರ್ಪು ಕೊಟ್ಟಳು: "ಈ ಹುಡುಗನ್ನೇ ಅಳಿಯ ಮಾಡ್ಕಳಿ. ಇಂಥೋನ್ನ ಹೊರಗಡೆ ಬುಟ್ರೆ ಮನೆ ಗುಟ್ಟು ಊರೆಲ್ಲ ಆಗ್ತೈತೆ." ಹೀಗೆ ನಮ್ಮಕ್ಕನ ಮದುವೆ ಒಂದು ತೊಲೆಯ ದೆಸೆಯಿಂದ ಆಯಿತು.

ಸುಟ್ಟ ಮನೆಯ ಸುದ್ದಿ ಇವರಿಗೆ ಸಿಗುವ ಬಗೆಯೇ ಸೋಜಿಗ. ಲೈನ್‌ಮನ್‌ಗಳು ಹೇಳುತ್ತಾರೆ, ಹಾಲಿನ ವ್ಯಾನಿನವನು ಹೇಳುತ್ತಾನೆ, ಮಳೆಗಾಲವಲ್ಲದ ಕಾಲದಲ್ಲಿ ಯಾರಾದರೂ ರಾಶಿ ಹೆಂಚು ಕೊಂಡರೆ ಹೆಂಚಿನಂಗಡಿಯವನು ಹೇಳುತ್ತಾನೆ. ಉಳಿದದ್ದು ಮೂಗಿನ ಕೆಲಸ. ಜೀಪಿನ ಕಿಟಕಿ ಇಳಿಸಿಕೊಂಡು, ಮೂಗು ಹೊರಗೆ ಚಾಚಿ, "ಇದು ತರಗೆಲೆ ಹೊಗೆ. ಇದು ಬಚ್ಚಲು ಒಲೇದು. ಇದು... ನಿಲ್ಲು, ಇದು ಮರದ್ದು!" ಎಂದು ಜೀಪನ್ನು ಅತ್ತ ಹೊರಳಿಸುತ್ತಾರೆ. ಜೀಪಿನ ಹಿಂದುಗಡೆ ಸದಾ ಬಕೆಟ್ಟುಗಳು, ಗೋಣಿಚೀಲಗಳು. ಬೆಂಕಿ ಇನ್ನೂ ಉರಿಯುತ್ತಿರುವಾಗಲೇ ತಲುಪಿದರೆ ತಾವೇ ಮುಂದೆ ನುಗ್ಗಿ ಆರಿಸಿಬಿಡುತ್ತಾರೆ. ಮನೆ ಉಳಿದುಹೋಗುತ್ತದೆ, ವ್ಯಾಪಾರ ಕೆಡುತ್ತದೆ. ಮೈಯೆಲ್ಲ ಮಸಿ ಮಾಡಿಕೊಂಡು ಬರಿಗೈಯಲ್ಲಿ ಬಂದ ಗಂಡನನ್ನು ನೋಡಿ ಅಕ್ಕ ಹಣೆ ಚಚ್ಚಿಕೊಳ್ಳುತ್ತಾಳೆ. ತನ್ನ ಅಂಗಡಿಗೆ ತಾನೇ ಬೀಗ ಹಾಕುವ ಇನ್ವೆಸ್ಟರನ್ನು ನೀವೆಲ್ಲಾದರೂ ನೋಡಿದ್ದೀರಾ?

ಒಮ್ಮೆ ವನಗೂರಿನ ಏರಿನಲ್ಲಿ ಗುಡ್ಡದಾಚೆ ದಟ್ಟ ಹೊಗೆ ಕಾಣಿಸಿತು. ನಾನೂ ಜೀಪಿನಲ್ಲಿದ್ದೆ. ಆಲೂರಿನಲ್ಲಿ ಮೇಷ್ಟರಗಿರಿ ಮಾಡುವ ನನಗೆ ಭಾನುವಾರ ಬಂತೆಂದರೆ ಭಾವನ ಜೊತೆ ಮನೆ ನೋಡುವುದೇ ಕೆಲಸ. "ದೊಡ್ಡ ಮನೇನೇ ಇರ್ಬೇಕು ಕಣಮ್ಮ ಮೇಷ್ಟ್ರಮ್ಮ, ಹೊಗೆ ನೋಡು ಎಷ್ಟು ಅಗ್ಲ ಐತೆ" ಎಂದು ಭಾವ ಆ ಕಲ್ಲುದಾರಿಯಲ್ಲಿ ಜೀಪನ್ನು ಹಾರಿಸಿಕೊಂಡು ಹೋದರು. ಹೋಗಿ ಬಕೆಟ್ ಹಿಡಿದು ಇಳಿದು, "ಎಲ್ಲಿ ಸುಟ್ಟಿದ್ದು?" ಎಂದು ಕೂಗಿದರೆ, ಎದುರಿಗೆ ಚಪ್ಪರ! ಮದುವೆಯ ಅಡುಗೆಗೆ ಸಾಲಾಗಿ ಒಲೆ ಹೂಡಿದ್ದರು. ಅಡುಗೆ ಭಟ್ಟರು ಸೌಟು ಹಿಡಿದು ಗಾಬರಿಯಿಂದ, "ಯಾವುದೂ ಸೀದಿಲ್ಲ ಸ್ವಾಮಿ, ಪಲ್ಯ ಸ್ವಲ್ಪ ತಳ ಹಿಡಿದೈತೆ ಅಷ್ಟೇ. ನಿಮಗ್ಯಾರು ಹೇಳಿದ್ದು?" ಎಂದರು. ಹೆಣ್ಣಿನ ಕಡೆಯವರು ನಮ್ಮನ್ನು ಗಂಡಿನ ಕಡೆಯವರೆಂದೂ, ಗಂಡಿನ ಕಡೆಯವರು ಹೆಣ್ಣಿನ ಕಡೆಯವರೆಂದೂ ತಿಳಿದು ಉಪಚಾರ ಮಾಡಿದರು. ಎರಡು ಪಂಕ್ತಿಯಲ್ಲಿ ಎರಡು ಸಲ ಊಟ ಮಾಡಿಕೊಂಡು ಬಂದೆವು.

ಇನ್ನು ಮನೆ ಪರೀಕ್ಷೆ. ತೊಲೆಯನ್ನು ಕತ್ತಿಯಿಂದ ಕೆರೆದು ನೋಡುತ್ತಾರೆ, ಹೊರಗೆ ಇದ್ದಿಲಾಗಿದ್ದರೂ ಒಳಗೆ ಮರ ಕೆಂಪಗೆ ಗಟ್ಟಿಯಾಗಿರುತ್ತದೆ. ಆಗ ಅವರಿಗೆ ಆಗುವ ಸಂಭ್ರಮ ನೋಡಬೇಕು. "ಸುಟ್ಟ ಮನೆ ಸುಳ್ಳು ಹೇಳಲ್ಲ ಕಣಮ್ಮ. ಬೀಳೋದೆಲ್ಲ ಬಿದ್ದೈತೆ. ನಿಂತಿರೋದು ಇನ್ನು ಬೀಳಲ್ಲ" ಎನ್ನುತ್ತಾ ಗೋಡೆಯ ಬೆನ್ನು ತಟ್ಟುತ್ತಾರೆ. ಆದರೆ ಕೊನೆಯ ಪರೀಕ್ಷೆ ಅಕ್ಕನದು. ಎಲ್ಲರೂ ಮನೆ ಕೊಂಡ ಮೇಲೆ ಹಾಲುಕ್ಕಿಸಿದರೆ, ನಮ್ಮ ಭಾವ ಕೊಳ್ಳುವ ಮುಂಚೆಯೇ ಉಕ್ಕಿಸುತ್ತಾರೆ! ಅಕ್ಕ ಪಾತ್ರೆ, ಹಾಲು, ಒಣಸೌದೆ ಎಲ್ಲ ಹೊತ್ತು ತಂದು ಸುಟ್ಟ ಅಡುಗೆಮನೆಯಲ್ಲೇ ಒಲೆ ಹಚ್ಚಬೇಕು. ಹೊಗೆ ಎಲ್ಲಿಂದ ಆಚೆ ಹೋಗುತ್ತದೆಂದು ನೋಡಿದರೆ ಗೋಡೆ, ಮಾಡು ಎಲ್ಲೆಲ್ಲಿ ಬಿರಿದಿದೆ ಎಂದು ಗೊತ್ತಾಗುತ್ತದೆ ಎಂಬುದು ಭಾವ ಹೇಳುವ ಕಾರಣ. ಹಾಲುಕ್ಕಿದ ಮೇಲೆ ಮಾರುವವರು ಮಾತು ಬದಲಿಸುವುದಿಲ್ಲ ಎಂಬುದು ಅವರು ಹೇಳದ ಕಾರಣ.

ಕೆ. ಹೊಸಕೋಟೆಯ ಒಂದು ಮನೆಗೆ ನಾವು ಮುಟ್ಟುವಾಗ, ಹಾಸನದ ಬಿಲ್ಡರ್ ಒಬ್ಬರು ನಮಗಿಂತ ಮುಂಚೆ ಬಂದು ಕುಳಿತಿದ್ದರು. ದೊಡ್ಡ ಕಾರು, ಜೊತೆಗೊಬ್ಬ ಇಂಜಿನಿಯರು, ಅವನ ಕೈಯಲ್ಲಿ ಕೆಂಪು ಬೆಳಕು ಬಿಟ್ಟು ಅಳೆಯುವ ಯಂತ್ರ. ಮನೆಯ ಯಜಮಾನರಾದ ಗೌಡರು ಇನ್ನೇನು ಹೂಂ ಅನ್ನುವುದರಲ್ಲಿದ್ದರು. ಭಾವ ಅಕ್ಕನಿಗೆ ಕಣ್ಸನ್ನೆ ಮಾಡಿದರು. ಅಕ್ಕ ಹಿತ್ತಿಲಿಂದ ನುಗ್ಗಿ ಒಲೆ ಹಚ್ಚಿಯೇಬಿಟ್ಟಳು. ಆ ಮನೆಯ ಬಿರುಕುಗಳು ಎಷ್ಟಿದ್ದವೋ ಅಷ್ಟರಿಂದಲೂ ಹೊಗೆ ಜಗುಲಿಗೆ ಬಂತು. ಮತ್ತೆ ಬೆಂಕಿ ಬಿತ್ತೆಂದು ಇಂಜಿನಿಯರು ಯಂತ್ರವನ್ನು ಬಿಟ್ಟು ಕಾರಿನತ್ತ ಓಡಿದ. ಬಿಲ್ಡರು ಅವನ ಹಿಂದೆ. ಹೊಗೆ ತಿಳಿಯಾದಾಗ ಅಕ್ಕ ಕೆಮ್ಮುತ್ತಾ ಹೊರಬಂದು, "ಹಾಲುಕ್ತು" ಎಂದಳು.

ಭಾವ ಟವೆಲ್ ಹೆಗಲಿಗೆ ಹಾಕಿಕೊಂಡು ಗಂಭೀರವಾಗಿ ನುಡಿದರು: "ನಮ್ಮ ಲೈನಲ್ಲಿ ಒಂದೇ ರೂಲ್ಸು ಗೌಡ್ರೇ. ಯಾರ ಕೈಲಿ ಹಾಲುಕ್ತೋ ಅವರದ್ದೇ ಮನೆ."

ಇಂಥ ಕಾನೂನು ಯಾವ ಪುಸ್ತಕದಲ್ಲಿದೆ? ಆದರೆ ಗೌಡರು ಒಲೆಗೆ ಕೈಮುಗಿದರು. "ಉಕ್ಕಿದ್ಮೇಲೆ ಇನ್ನೇನೈತೆ ಮಾರಾಯ, ನಿಂದೇ ತಗೋ" ಎಂದರು. ಅಂದಿನಿಂದ ಅದು ಭಾವನ ಪಾಲಿಗೆ ಸುಪ್ರೀಂ ಕೋರ್ಟಿನ ತೀರ್ಪಿನಷ್ಟೇ ಗಟ್ಟಿ.

ಇಷ್ಟೆಲ್ಲ ಮನೆಗಳಲ್ಲಿ ಹಾಲುಕ್ಕಿಸಿದ ನಮ್ಮಕ್ಕ ಇರುವುದು ಎಲ್ಲಿ ಅಂದಿರಿ? ಸಕಲೇಶಪುರದಲ್ಲಿ, ಟೈರ್ ಅಂಗಡಿಯ ಮೇಲಿನ ಬಾಡಿಗೆ ಮನೆಯಲ್ಲಿ! ಅವಳ ಹೊಲಿಗೆ ಮಿಷನ್ನಿಗೆ ಕಿಟಕಿಯ ಪಕ್ಕ ಜಾಗವಿಲ್ಲ, ಹಗಲಲ್ಲೂ ದೀಪ ಹಾಕಿಕೊಂಡು ರವಿಕೆ ಹೊಲಿಯುತ್ತಾಳೆ. ಪ್ರತಿ ಮನೆ ರಿಪೇರಿಯಾದಾಗಲೂ, "ಇದನ್ನ ನಮಗೇ ಇಟ್ಕಳಾಣ ಕಣ್ರೀ" ಎನ್ನುವಳು. ಪ್ರತಿ ಸಲವೂ ಭಾವ, "ಇದನ್ನ ಮಾರಿದ್ರೆ ತಾನೇ ಇನ್ನೊಂದು" ಎನ್ನುವರು. ಒಂದು ಸಲ ಸಿಟ್ಟು ನೆತ್ತಿಗೇರಿ, "ನಂಗೊಂದು ಸುಡದೇ ಇರೋ ಮನೆ ಬೇಕು. ಅದರಲ್ಲೊಂದು ಕಿಟಕಿ ಬೇಕು. ಅಷ್ಟು ಮಾಡಿಕೊಡ್ರಿ, ಆಮೇಲೆ ನೀವು ಊರೆಲ್ಲ ಮಸಿ ಬಳ್ಕಂಡು ತಿರುಗಿ" ಎಂದು ಅತ್ತೇಬಿಟ್ಟಳು. ಭಾವ ಅಂದು ಊಟ ಮಾಡಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ದೋಣಿಗಲ್‌ನಿಂದ ಸುದ್ದಿ ಬಂತು. ಹೆದ್ದಾರಿಯಿಂದ ಸ್ವಲ್ಪ ಕೆಳಗೆ ಒಂದು ಮನೆ. ಅಟ್ಟದ ಮೇಲೆ ಮೆಣಸು ಒಣಹಾಕಿ ಕೆಳಗೆ ಒಲೆ ಉರಿಸುವಾಗ ಕಿಡಿ ಹಾರಿತಂತೆ. ಮನೆಯಾತ ಪಿಕಪ್ ಗಾಡಿ ಓಡಿಸುವವನು, ಮಾರಿ ಹಾಸನಕ್ಕೆ ಹೋಗುತ್ತೇನೆ ಎನ್ನುತ್ತಿದ್ದ. ಭಾವ ಒಬ್ಬರೇ ಮೊದಲು ಹೋಗಿ ನೋಡಿಕೊಂಡು ಬಂದವರು, ಎಂದೂ ಇಲ್ಲದಂತೆ ನಾಚಿಕೊಂಡು ಅಕ್ಕನಿಗೆ ಹೇಳಿದರು: "ಅಡುಗೆಮನೆ ಒಂದೇ ಹೋಗಿರೋದು ಕಣೇ. ಮಿಕ್ಕಿದ್ದು ಹಂಗೇ ಐತೆ. ಮುಂದುಗಡೆ ದೊಡ್ಡ ಕಿಟಕಿ, ಕುಂತ್ರೆ ರೈಲು ಕಾಣ್ತೈತೆ. ಇದು ಮಾರಕ್ಕಲ್ಲ. ನಿಂಗೆ."

ನಮ್ಮ ಜೀಪು ಆ ಭಾನುವಾರ ಓಡಿದ್ದಲ್ಲ, ಹಾರಿದ್ದು! ಅಕ್ಕ ಹೊಸ ಪಾತ್ರೆ ತಂದಿದ್ದಳು. ಮನೆ ನೋಡಿದ ಕೂಡಲೇ ಅವಳ ಮುಖ ಅರಳಿತು. ಕಿಟಕಿಯ ಹತ್ತಿರ ನಿಂತು ಕೈ ಚಾಚಿ ಮಿಷನ್ ಇಡುವ ಜಾಗ ಅಳೆದಳು. ಆ ಹೊತ್ತಿಗೆ ಸರಿಯಾಗಿ ಕೆಳಗೆ ರೈಲೂ ಹೋಯಿತು. "ನೋಡ್ದಾ?" ಎಂದು ಭಾವ ನನ್ನ ಕಡೆ ತಿರುಗಿ, ಆ ರೈಲನ್ನು ತಾವೇ ತರಿಸಿದವರಂತೆ ನಕ್ಕರು.

ಮನೆಯಾಕೆ ಮಾತ್ರ ಒಳಗೆ ಬಂದಿರಲಿಲ್ಲ. ಅಂಗಳದ ಹಲಸಿನ ಮರದ ಕೆಳಗೆ ಮನೆಗೆ ಬೆನ್ನು ಮಾಡಿ ನಿಂತಿದ್ದಳು. "ಬೆಂಕಿ ಬಿದ್ದಾಗಿಂದ ಹೊಸ್ಲು ದಾಟಿಲ್ಲ. ಒಲೆ ಹಚ್ಚಿಲ್ಲ. ನನ್ ಕೈಯೇ ಸರಿ ಇಲ್ಲ ಅಂತಾಳೆ. ಅವಳಿಗೋಸ್ಕರನೇ ಮಾರ್ತಿರೋದು" ಎಂದ ಗಂಡ. ಅವನೂ ಮನೆಯ ಕಡೆ ನೋಡುತ್ತಿರಲಿಲ್ಲ.

ಅಕ್ಕ ಕಿಟಕಿ ಬಿಟ್ಟು ಬಂದಳು. ಸುಟ್ಟ ಅಡುಗೆಮನೆಗೆ ಹೋಗಿ ಸೌದೆ ಇಟ್ಟಳು, ಪಾತ್ರೆಗೆ ಹಾಲು ಸುರಿದಳು, ಬೆಂಕಿಪೊಟ್ಟಣ ಕೈಗೆ ತೆಗೆದುಕೊಂಡಳು. ಆಮೇಲೆ ಯಾಕೋ ಅದನ್ನು ಹಿಡಿದುಕೊಂಡೇ ಅಂಗಳಕ್ಕೆ ನಡೆದಳು. ನಾನೂ ಹಿಂದೆ ಹೋದೆ.

"ಅಲ್ಲ ತಂಗಿ, ನಿಮ್ಮ ಒಲೆಗೆ ಯಾವ ಕಡೆಯಿಂದ ಸೌದೆ ಇಡೋದು? ಸುಮ್ನೆ ಹೊಗೆ ಹೊಡೀತೈತೆ" ಎಂದಳು. ಒಲೆ ಹಚ್ಚೇ ಇರಲಿಲ್ಲ!

"ಬಲಗಡೆಯಿಂದ ಅಕ್ಕ. ಎಡಗಡೆ ಇಟ್ರೆ ಉರಿಯಲ್ಲ ಅದು."

"ನಂಗೆ ಗೊತ್ತಾಗ್ತಿಲ್ಲ. ಬಂದು ತೋರ್ಸಿ."

ಆಕೆ ಅನುಮಾನಿಸಿದಳು. ಅಕ್ಕ ಆಕೆಯ ಕೈ ಹಿಡಿದುಕೊಂಡು ಒಲೆಗಳ ಬಗ್ಗೆ ಬಾಯಿಗೆ ಬಂದದ್ದನ್ನೆಲ್ಲ ಮಾತಾಡುತ್ತಾ ನಡೆಸಿದಳು. ಹೊಸ್ತಿಲು ದಾಟಿದ್ದು ಆಕೆಗೆ ತಿಳಿಯಿತೋ ಇಲ್ಲವೋ. ಒಲೆಯ ಮುಂದೆ ಕೂತು ಸೌದೆಯನ್ನು ಬಲಕ್ಕೆ ಸರಿಸಿದಳು. ಅಕ್ಕ ಬೆಂಕಿಪೊಟ್ಟಣವನ್ನು ಆಕೆಯ ಕೈಯಲ್ಲಿಟ್ಟಳು. ಮೊದಲ ಕಡ್ಡಿ ಆರಿತು. ಇನ್ನೊಂದು ಹತ್ತಿಕೊಂಡಿತು.

ಹಾಲು ಏರತೊಡಗಿದಾಗ ಆಕೆ ರೂಢಿಯಿಂದ ಸೌದೆ ಹೊರಗೆಳೆಯಲು ಹೋದಳು. ಅಕ್ಕ ಮಣಿಕಟ್ಟು ಹಿಡಿದಳು. "ಬಿಡಿ. ಉಕ್ಲಿ" ಎಂದಳು. ಹಾಲು ಚೊರ್ ಎಂದು ಒಲೆಗೆ ಸುರಿಯಿತು. ಆಕೆ ಅಕ್ಕನ ಹೆಗಲಿಗೆ ಹಣೆಯಿಟ್ಟು ಗಟ್ಟಿಯಾಗಿ ಅತ್ತಳು.

ವಾಸನೆ ಹಿಡಿದು ಭಾವ ಓಡಿಬಂದರು. "ಉಕ್ತಾ?"

"ಉಕ್ತು" ಎಂದಳು ಅಕ್ಕ. "ಇವರ ಕೈಲಿ. ರೂಲ್ಸು ನಿಮ್ದೇ ಅಲ್ವಾ?"

ಭಾವನ ಮುಖದಲ್ಲಿ ಏನೇನೋ ಬಂದು ಹೋಯಿತು. ಅಕ್ಕನನ್ನು ನೋಡಿದರು, ಕಿಟಕಿಯನ್ನು ನೋಡಿದರು. ಆಮೇಲೆ ಕತ್ತಿ ತೆಗೆದು ತೊಲೆಯನ್ನು ಒಂದು ಕಡೆ ಕೆರೆದು, ಬಾಗಿಲಲ್ಲಿ ಕಣ್ಣು ತುಂಬಿಕೊಂಡು ನಿಂತಿದ್ದ ಆಕೆಯ ಗಂಡನಿಗೆ ತೋರಿಸಿದರು. "ಮರ ಗಟ್ಟಿ ಐತೆ ಕಣಪ್ಪ. ಮಾರೋ ಮಾತು ಬಿಡು. ನಾಳೆನೇ ನಮ್ಮ ಬಡಗೀನ ಕರ್ಕೊಂಡು ಬರ್ತೀನಿ. ಹಳೇ ಹೆಂಚು ನನ್ನತ್ರ ಅವೆ."

ಜೀಪು ಹತ್ತಿ ವಾಪಸು ಹೊರಟೆವು. ಮಸಿ ಹಿಡಿದ ಹೊಸ ಪಾತ್ರೆ ಅಕ್ಕನ ಮಡಿಲಲ್ಲಿತ್ತು. ನನಗೆ ಅವಳನ್ನು ಗಟ್ಟಿಯಾಗಿ ಅಪ್ಪಿಕೊಳ್ಳಬೇಕೆನಿಸುತ್ತಿತ್ತು. ಎಷ್ಟು ಹೊತ್ತು ಆ ಕಿಟಕಿಯ ಹತ್ತಿರ ನಿಂತಿದ್ದಳು ಅವಳು! ಘಾಟಿಯ ಏರು ಮುಗಿಯುವಲ್ಲಿ ಭಾವ ಮೆಲ್ಲಗೆ, "ನಿಂಗೊಂದು ಒಳ್ಳೇ ಮನೇನೇ ನೋಡ್ತೀನಿ ಕಣೇ. ಸುಡದೇ ಇರೋದು" ಎಂದರು.

ಅಕ್ಕ ಸೆರಗಿನಿಂದ ಪಾತ್ರೆಯ ಮಸಿ ಒರೆಸುತ್ತಾ ಹೇಳಿದಳು: "ಸುಟ್ಟಿರೋದೇ ನೋಡ್ರಿ. ಚೆನ್ನಾಗಿರೋ ಮನೇಲಿ ನಮಗೇನ್ ಕೆಲ್ಸ?"

ಭಾವ ಜೀಪಿನ ಕಿಟಕಿಯ ಗಾಜು ಇಳಿಸಿ ಮೂಗು ಹೊರಗೆ ಚಾಚಿದರು.