ಚಿಂಚೋಳ್ಯಾಗ ಜಪಾನದ ತೋಟ

ಮ್ಯೂಜಿಯಂ ನೌಕರಿ ಅಂದ್ರ ಸುಮ್ಮ ಕುಂದ್ರೂ ಕೆಲಸ ಅಂತ ಮಂದಿ ತಿಳ್ಕೊಂಡಾರ. ನನಗಂತೂ ದಿನಾ ಒಂದಿಲ್ಲೊಂದು ಫಜೀತಿ ಇದ್ದೇ ಇರ್ತಿತ್ತು. ಚಿಂಚೋಳ್ಯಾಗ ನಮ್ಮವ್ವ ನನ್ನ ನೌಕರಿ ಹೆಸರೇ ಎತ್ತತಿದ್ದಿಲ್ಲ. ‘ಒಡಕ ಮೂರ್ತಿ ಧೂಳ ಝಾಡಸ್ತಾನ ಅಂತ ಓಣ್ಯಾಗ ಹ್ಯಾಂಗ ಹೇಳ್ಲೋ?’ ಅಂತಿದ್ದಳು.

ಎಪ್ಪತ್ತನೇ ಇಸವಿ ಸುಮಾರಿಗೆ ಜಪಾನದ ಚಿತ್ರಗಳ ಪ್ರದರ್ಶನ ಊರೂರಿಗೆ ಒಯ್ಯೂ ಕೆಲಸ ನನಗ ಬಂತು. ನನ್ನ ಜೋಡಿ, ಜಪಾನದ ಸಂಸ್ಕೃತಿ ಮ್ಯಾಲ ಭಾಷಣ ಮಾಡ್ಲಿಕ್ಕೆ ಮೈಸೂರ ಕಡಿ ಪ್ರೊಫೆಸರು. ತಿರಗಾಟದ ಕಡೀ ಊರು ನಮ್ಮ ಚಿಂಚೋಳಿ. ನನ್ನ ಕೆಲಸ ಅವ್ವ ಒಮ್ಮೆ ಕಣ್ಣಾರೆ ನೋಡಲಿ ಅಂತ ಭಾಳ ಆಸೆ ಇತ್ತು.

೧. ಚಿತ್ತಾಪುರದ ಚಪ್ಪಲಿ

‘ಜಪಾನಿನಲ್ಲಿ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರುತ್ತಾರೆ’ ಅಂತ ಪ್ರೊಫೆಸರು ಶುರು ಮಾಡಿದ್ರು. ನೋಡಿದ್ರ, ಬಂದಿದ್ದ ನಾಕ ಮಂದೀದೂ ಬರಿಗಾಲು. ಪ್ರೊಫೆಸರಿಗೆ ಖುಷಿಯೋ ಖುಷಿ. ‘ಎಂಥ ಸಂಸ್ಕಾರ! ನಿಮ್ಮ ಚಪ್ಪಲಿ ಎಲ್ಲಿಟ್ಟಿದ್ದೀರಿ?’

ಮುಂದ ಕುಂತಿದ್ದ ಮುದುಕ ಅಂದ: ‘ಮನ್ಯಾಗ್ರಿ. ಹೋದ ಸಲ ಭಾಷಣಕ್ಕ ಬಂದಾಗ ಹೊಸಾವು ಹೊಡಕೊಂಡು ಹೋದ್ರು.’

೨. ಶಹಾಬಾದದ ಕಲ್ಲು

‘ಶಹಾಬಾದದಾಗೂ ಮಂದಿ ಬರದಿದ್ರ ಚಿತ್ರ ಪೆಟ್ಟಿಗ್ಯಾಗ ಕಟ್ಟಿ ವಾಪಸ್ ಕಳಸ್ರಿ’ ಅಂತ ಮ್ಯೂಜಿಯಂ ಸಾಹೇಬ್ರ ಹುಕುಂ ಬಂತು. ಚಿಂಚೋಳಿ ಹೋತಲ್ಲಪ್ಪ ಅಂತ ಪ್ರೊಫೆಸರ ಮುಂದ ಗೋಳಾಡಿದೆ. ಪ್ರೊಫೆಸರು ಧೈರ್ಯ ಹೇಳಿದ್ರು: ‘ಜಪಾನಿನ ಮಠಗಳಲ್ಲಿ ಬರೀ ಕಲ್ಲು, ಮರಳು ಇಟ್ಟು ತೋಟ ಮಾಡುತ್ತಾರೆ. ಅದನ್ನೇ ಮಾಡಿ ತೋರಿಸೋಣ.’

ನೆಲಕ್ಕ ಹಾಸೂ ಫರಸಿ ಕಲ್ಲು ಪಾಲಿಶ್ ಮಾಡೂ ಕಾರಖಾನಿ ಚಾಚಾಗ ಒರಟ ಕಲ್ಲು ಕೇಳಿದೆ. ಬಂದಾವ ನೋಡ್ರಿ, ಚೌಕಾಗಿ ಕೊಯ್ದು, ಮುಖಾ ಕಾಣೂ ಹಂಗ ಪಾಲಿಶ್ ಹೊಡದು!

‘ಚಾಚಾ, ಒರಟಾವೇ ಬೇಕಿತ್ತಲ್ರೀ!’

‘ಅರೇ ಭೈ, ಜಪಾನದವರ ಮುಂದ ಶಹಾಬಾದ ಇಜ್ಜತ್ ಹೋಗಬೇಕೇನು?’

ತಮ್ಮ ಕಲ್ಲು ನೋಡ್ಲಿಕ್ಕೆ ಕಾರಖಾನಿ ಮಂದೆಲ್ಲ ಹೆಂಡ್ರು ಮಕ್ಕಳನ್ನ ಕರ್ಕೊಂಡು ಬಂದ್ರು. ನಿಂದ್ರಲಿಕ್ಕ ಜಾಗಿಲ್ಲ. ನನಗ ಹೋದ ಜೀವ ಬಂದಂಗಾತು. ಪೆಟ್ಟಿಗಿ ಚಿಂಚೋಳಿ ಲಾರಿ ಹತ್ತೂದು ಖರೇ ಆತು. ‘ಜಪಾನಿನಲ್ಲಿ ಒರಟು ಕಲ್ಲೇ ಚೆಂದ’ ಅಂತ ಪ್ರೊಫೆಸರು ಅನ್ನೂದೇ ತಡ, ಚಾಚಾ ಎದ್ದು ನಿಂತ.

‘ಯಾ ಅಲ್ಲಾ! ಹಂಗಾದ್ರ ನಮ್ಮಪ್ಪ ಜಿಂದಗಿ ಪೂರಾ ಯಾಕ ತಿಕ್ಕಿದ?’

೩. ಚಿಂಚೋಳಿಯ ಧ್ಯಾನ

ಇಲ್ಲಿ ಒರಟ ಕಲ್ಲೇ ಸಿಕ್ಕವು. ಸಂಜಿಮುಂದ ಸಾಲಿ ಅಂಗಳದಾಗ ಕಲ್ಲಿಟ್ಟು, ಉಸುಕು ಹರವಿ, ಚೆಂದಾಗಿ ಗೆರಿ ಎಳದು ಹೋದೆ. ಮುಂಜಾನೆ ಬಂದ್ರ, ಅವ್ವ ನನಗಿಂತ ಮೊದಲೇ ಬಂದಾಳ! ಉಸುಕೆಲ್ಲ ಬಳದು ಮೂಲಿಗೆ ಗುಡ್ಡಿ ಹಾಕಿ, ಕಲ್ಲು ಗ್ವಾಡಿಗೆ ಸರಸಿ, ನೀರ ಹೊಡದು, ರಂಗೋಲಿ ಹಾಕ್ಲಿಕತ್ತಾಳ.

‘ಎವ್ವಾ, ಏನ್ ಮಾಡ್ದಿ ಇದು!’

‘ದೊಡ್ಡವ್ರು ಬರೂ ಹೊತ್ತಿನಾಗ ಅಂಗಳ ಹಿಂಗ ಇಡ್ತಾರೇನೋ? ನಿನ್ನ ಮಾನ ನಾನೇ ಕಾಯಬೇಕು.’

ಅಷ್ಟರಾಗ ಪ್ರೊಫೆಸರು ಬಂದ್ರು. ಅವರು ರಂಗೋಲಿ ನೋಡಿ ನಕ್ಕರು. ‘ಅಮ್ಮಾ, ಜಪಾನಿನಲ್ಲೂ ಇದೇ. ಬೆಳಿಗ್ಗೆ ಮಠದ ಸ್ವಾಮಿಗಳೇ ಅಂಗಳ ಗುಡಿಸಿ, ಮರಳಿನಲ್ಲಿ ಗೆರೆ ಎಳೆಯುತ್ತಾರೆ. ಅದೇ ಅವರ ಧ್ಯಾನ.’

‘ಗಂಡಸ್ರೇನ್ರೀ?’ ಅಂದಳು ಅವ್ವ.

‘ಹೌದು, ಗಂಡಸರೇ.’

ಅವತ್ತಿನ ಭಾಷಣ ಅವ್ವನ ರಂಗೋಲಿಯಿಂದಲೇ ಶುರು ಆತು. ಅವ್ವ ಮುಂದಿನ ಸಾಲಿನಾಗ ಕುಂತು ಪೂರಾ ಕೇಳಿದಳು. ಮನೀಗೆ ಹೋಗೂತನ ದಾರ್ಯಾಗ ಸಿಕ್ಕವರಿಗೆಲ್ಲ, ‘ನನ್ನ ಮಗ ಜಪಾನದ ವಿದ್ಯೆ ಕಲ್ತಾನ’ ಅಂತ ಹೇಳಿದ್ದೇ ಹೇಳಿದ್ದು. ನನ್ನ ಕಣ್ಣು ತುಂಬಿ ಬಂದ್ವು.

ಮರುದಿನ ಮುಂಜಾನೆ ಅವ್ವ ನನ್ನ ಬಡದು ಎಬ್ಬಿಸಿ, ಕೈಯಾಗ ಕಸಬರಿಗಿ ಕೊಟ್ಟಳು.

‘ಏಳೋ, ಓಣಿ ಮಂದಿ ನೋಡ್ಲಿಕ್ಕೆ ಬಂದಾರ. ಧ್ಯಾನ ಮಾಡು!’