ಹನ್ನೊಂದರ ಮೇಲೆ ಹಾಸಿದ ಟವೆಲ್ಲು

ಬಸ್ಸಿನ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆಸಾಮಿ ಇನ್ನೂ ಕೆಳಗೆ ನಿಂತು ಬೀಡಿ ಸೇದುತ್ತಿರುತ್ತಾನೆ. ಅವನ ಟವೆಲ್ಲು ಮಾತ್ರ ಒಳಗೆ ಹಾಯಾಗಿ ಕೂತಿರುತ್ತದೆ. ಈ ಅಭಿಪ್ರಾಯವನ್ನು ತುಂಬಿದ ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ ದಿನವೇ ಮುಂದಿನದೆಲ್ಲ ನಡೆದದ್ದರಿಂದ, ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಆಗ ನಾನು ಸಾಲಿಗ್ರಾಮದಿಂದ ದಿನವೂ ಕೆ.ಆರ್. ನಗರಕ್ಕೆ ಬಂದು ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿನ ಆರು ಕಂಪ್ಯೂಟರುಗಳಿಗೂ ಇಂಟರ್ನೆಟ್ ಬಂದಾಗ ಹುಣಸೂರಿನ ನಿಂಗರಾಜು ಎಂಬವರು ಗೋಡೆಗೆ ಒಂದು ಪೆಟ್ಟಿಗೆ ಹೊಡೆದು ಹೋದರು. ಅದರ ಹೆಸರು ಫೈರ್‌ವಾಲ್. ಹೊರಗಿನ ಕಳ್ಳಕಾಕರನ್ನು ತಡೆಯುವುದು ಅದರ ಕೆಲಸ. ಜೊತೆಗೆ ಪ್ರತಿ ಕಂಪ್ಯೂಟರಿಗೂ ಒಂದೊಂದು ನಂಬರು ಹಂಚುತ್ತದೆ. ಆ ನಂಬರು ಮನೆಯ ವಿಳಾಸವಿದ್ದಂತೆ; ಅದಿಲ್ಲದೆ ಹೊರಗಿನಿಂದ ಬಂದದ್ದು ಯಾರ ಮೇಜಿಗೆ ಹೋಗಬೇಕೆಂದು ತಿಳಿಯದು. “ನೀವೇನೂ ಮಾಡ್ಬೇಡಿ ಸಾರ್, ಆನ್ ಮಾಡಿ, ಅದೇ ಕೊಡ್ತದೆ” ಎಂದಿದ್ದರು ನಿಂಗರಾಜು.

ಅಲ್ಲಿಗೆ ನನ್ನ ನೆಮ್ಮದಿ ಹೋಯಿತು. ಸೋಮವಾರ ನನಗೆ ಹನ್ನೊಂದು, ಮಂಗಳವಾರ ಹದಿನಾಲ್ಕು, ಬುಧವಾರ ಹನ್ನೆರಡು. ಸಂಜೆ ಮೇನ್ ಸ್ವಿಚ್ ಆರಿಸಿದರೆ ಪೆಟ್ಟಿಗೆ ನಮ್ಮನ್ನೆಲ್ಲ ಮರೆತು, ಬೆಳಿಗ್ಗೆ ಬಂದವರಿಗೆ ಬಂದಂತೆ ಹೊಸದಾಗಿ ಹಂಚುತ್ತಿತ್ತು. ಹದಿನೆಂಟು ವರ್ಷ ಒಂದೇ ಕುರ್ಚಿಯಲ್ಲಿ ಕೂತು, ಒಂದೇ ಮೊಳೆಗೆ ಛತ್ರಿ ತೂಗುಹಾಕಿದವನು ನಾನು. ನಿಂಗರಾಜು ಅವರ ಹಿಂದೆ ನಿಂತು ನೋಡಿ ಕಲಿತಷ್ಟನ್ನೇ ಬಳಸಿ, ಹನ್ನೊಂದನ್ನು ಕೈಯಾರೆ ಟೈಪು ಮಾಡಿ ನನ್ನ ಕಂಪ್ಯೂಟರಿಗೆ ಖಾಯಂ ಮಾಡಿಕೊಂಡೆ. ನಿವೃತ್ತಿಗೆ ಎರಡು ವರ್ಷವಿದ್ದ ಅಟೆಂಡರ್ ಸಣ್ಣೇಗೌಡರಿಂದ ಆ ನಂಬರಿನ ಚೀಟಿಯೊಂದನ್ನು ಮಾನಿಟರಿಗೆ ಅಂಟಿಸಿಕೊಂಡೆ. “ಇದ್ಯಾಕ್ ಸಾಮಿ, ದನಕ್ಕೆ ಬರೆ ಆಕ್ದಂಗೆ?” ಎಂದರು ಗೋಂದು ಹಚ್ಚುತ್ತಾ.

ಮೂರು ತಿಂಗಳು ಏನೂ ಆಗಲಿಲ್ಲ, ಏಕೆಂದರೆ ಕಚೇರಿಗೆ ಮೊದಲು ಬರುವವನು ನಾನೇ. ಹನ್ನೊಂದರ ಮೇಲೆ ನಾನು ಕೂತಿರುವುದನ್ನು ಕಂಡು ಉಳಿದ ಕಂಪ್ಯೂಟರುಗಳು ಬೇರೆ ನಂಬರು ಹಿಡಿಯುತ್ತಿದ್ದವು.

ಆ ದಿನ ಬಸ್ಸು ದಾರಿಯ ಮಿರ್ಲೆಯಲ್ಲಿ ನಿಂತಾಗ ಯಾರೋ ಎಸೆದ ಟವೆಲ್ಲಿನ ಮೇಲೆ ಒಬ್ಬ ಹೆಂಗಸು ಕೂತುಬಿಟ್ಟರು. ಜಗಳವಾಯಿತು, ಡ್ರೈವರು ಇಂಜಿನ್ ಆರಿಸಿದ. ನಾನು ಎದ್ದು ನಿಂತು, ಸೀಟು ಕೂತವರದೇ ಹೊರತು ಬಟ್ಟೆಯದಲ್ಲ ಎಂದು ವಿವರಿಸಿದೆ. ಅಲ್ಲೇ ಹತ್ತಿದ ಸಣ್ಣೇಗೌಡರು ತಲೆದೂಗಿದರು. ಜಗಳಕ್ಕೆ ಹತ್ತು ನಿಮಿಷ ಹಿಡಿಯಿತು, ನನ್ನ ವಿವರಣೆಗೆ ಇಪ್ಪತ್ತು.

ನಾವು ತಲುಪುವಷ್ಟರಲ್ಲಿ ಪರೀಕ್ಷಾ ವಿಭಾಗದ ಗೌರಮ್ಮನವರು ಕೆಲಸ ಶುರುಮಾಡಿದ್ದರು. ಆ ಸಂಜೆ ಐದರೊಳಗೆ ಇಪ್ಪತ್ತಮೂರು ವಿದ್ಯಾರ್ಥಿಗಳ ಹೆಸರನ್ನು ಇಂಟರ್ನೆಟ್ಟಿನಲ್ಲಿ ವಿಶ್ವವಿದ್ಯಾಲಯಕ್ಕೆ ಕಳಿಸಬೇಕಿತ್ತು. ತಪ್ಪಿದವರು ಪರೀಕ್ಷೆಗೆ ಕೂರುವಂತಿಲ್ಲ. ನಾನು ನನ್ನ ಕಂಪ್ಯೂಟರು ಹಾಕಿದೆ. ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬಂತು. ಸುತ್ತೋಲೆಗಳಿಗೆ ಸಹಿ ಹಾಕುವ ಅಭ್ಯಾಸದಂತೆ, ಓದದೆ ಓಕೆ ಒತ್ತಿದೆ. ಗೌರಮ್ಮನವರ ಪರದೆ ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ಬಂತು, ಮತ್ತೆ ಹೋಯಿತು. ಸಹಾಯವಾಗಲೆಂದು ನಾನು ನನ್ನದನ್ನು ಆರಿಸಿ ಹಾಕಿ ನೋಡಿದೆ. ಹಾಗೆ ಒಂಬತ್ತು ಸಲ ಮಾಡಿದೆನೆಂದೂ, ಒಂಬತ್ತು ಸಲವೂ ಅವರು ಕಳಿಸುತ್ತಿದ್ದ ಹೆಸರುಗಳು ಅರ್ಧಕ್ಕೆ ಬಿದ್ದವೆಂದೂ ಈಗ ಹೇಳಬಲ್ಲೆ.

“ಚುಂಚನಕಟ್ಟೆ ಹುಡುಗಿ ಮೂರನೇ ಸಲ ಕಟ್ಟವ್ಳೆ ಸಾರ್” ಎಂದರು ಗೌರಮ್ಮ. “ಇವತ್ತು ಹೋಗ್ಲಿಲ್ಲಾಂದ್ರೆ ಅವ್ಳಪ್ಪ ಓದು ಬುಡುಸ್ತಾನೆ.”

ನಾಲ್ಕು ಹತ್ತಕ್ಕೆ ನಿಂಗರಾಜು ಫೋನಿಗೆ ಸಿಕ್ಕರು. ಗೌರಮ್ಮ ಫೋನಿನ ಬಾಯಿ ಮುಚ್ಚಿ ನಮ್ಮತ್ತ ತಿರುಗಿದರು: “ಯಾರಾದ್ರೂ ಕೈಲಿ ನಂಬರ್ ಹಾಕ್ಕೊಂಡಿದ್ದೀರಾ ಅಂತ ಕೇಳ್ತಾವ್ರೆ.”

ಆಗ ಹೇಳಬೇಕಿತ್ತು. ನಾನು ತಡವಾಗಿ ಬಂದ ಆ ಬೆಳಿಗ್ಗೆ ಗೌರಮ್ಮನವರ ಕಂಪ್ಯೂಟರಿಗೂ ಪೆಟ್ಟಿಗೆ ಹನ್ನೊಂದನ್ನೇ ಕೊಟ್ಟಿತ್ತು. ಅವರಿಗೆ ಬರಬೇಕಾದ ಉತ್ತರಗಳು ನನ್ನ ಬಾಗಿಲು ಬಡಿಯುತ್ತಿದ್ದವು. “ನೋಡ್ತೀನಿ” ಎಂದು ನನ್ನ ಮೇಜಿಗೆ ಹೋಗಿ, ಹನ್ನೊಂದನ್ನು ಅಳಿಸಿ ಕಂಪ್ಯೂಟರು ಆರಿಸಿದೆ. ಬಳಿಕ ಮೇಜಿನಡಿ ಕೂತು ಎರಡು ವೈರುಗಳನ್ನು ಸುಮ್ಮನೆ ಎಳೆದಾಡಿದೆ. ಐದಕ್ಕೆ ಎಂಟು ನಿಮಿಷವಿರುವಾಗ ಕೊನೆಯ ಹೆಸರು, ಚುಂಚನಕಟ್ಟೆ ಹುಡುಗಿಯದೇ, ಹೋಯಿತು. ನೀವಿಲ್ಲದಿದ್ದರೆ ಏನು ಗತಿಯೆಂದು ಗೌರಮ್ಮನವರು ಡಬ್ಬಿಯಿಂದ ಎರಡು ಕೋಡುಬಳೆ ಕೊಟ್ಟರು. ತಿಂದೆ. ಹೋಗುವ ಮುನ್ನ ಚೀಟಿ ಕಿತ್ತೆ; ಗೋಂದಿನ ಗುರುತು ಉಳಿಯಿತು.

ಮರುದಿನ ನನ್ನ ಕುರ್ಚಿಯ ಮೇಲೆ ಒಂದು ಟವೆಲ್ಲು, ನೀಟಾಗಿ ಮಡಿಸಿಟ್ಟದ್ದು. ಪಕ್ಕದಲ್ಲಿ ಸಣ್ಣೇಗೌಡರು, ಮಾನಿಟರಿನ ಗೋಂದಿನ ಗುರುತು ನೋಡುತ್ತಾ.

“ತಗ್ದು ಕೂತ್ಕಳಿ ಸಾಮಿ, ಬರೀ ಬಟ್ಟೆ ಕಣ್ರೀ” ಎಂದರು. “ಸೀಟು ಕೂತೋರ್ದೇ ಅಂತ ನಿನ್ನೆ ನೀವೇ ಅಂದ್ರಲ್ಲ.”

ಕೂರಲಾಗಲಿಲ್ಲ. ನೇರ ಹೋಗಿ ಗೌರಮ್ಮನವರಿಗೆ ಎಲ್ಲವನ್ನೂ, ಇನ್ನು ದಿನವೂ ಪೆಟ್ಟಿಗೆ ಕೊಟ್ಟ ನಂಬರೇ ನನಗೆ ಸಾಕೆಂಬುದನ್ನೂ ಹೇಳಿದೆ. ಅವರು ಬೈಯಲಿಲ್ಲ. ಮಧ್ಯಾಹ್ನ ಅವರ ಕೋಡುಬಳೆ ಡಬ್ಬಿ ಎಲ್ಲ ಮೇಜುಗಳನ್ನೂ ಸುತ್ತಿ, ನನ್ನದೊಂದನ್ನು ಬಿಟ್ಟು ಹಿಂದಿರುಗಿತು. ನಾನು ಡಬ್ಬಿಯ ಕಡೆ ನೋಡಿದೆ.

“ಏನ್ ಮಾಡದು ಸಾರ್” ಎಂದರು ಗೌರಮ್ಮ ಮುಚ್ಚಳ ಹಾಕುತ್ತಾ. “ದಿನಕ್ಕೊಂದು ವಿಳಾಸ ಇರೋರಿಗೆ ಎಲ್ಲಿಗೆ ಅಂತ ತಲುಪ್ಸದು?”