ನೂರ ಹದಿಮೂರು ಮೀನುಸಾರು

ಅಂತರ್ಜಾಲದ ಪುಟವೊಂದನ್ನು ಉಳಿಸಿಕೊಂಡರೆ ಅದು ಅಲ್ಲಿಂದ ಕಿತ್ತು ತನ್ನ ಮನೆಗೇ ಬಂದುಬಿಡುತ್ತದೆಂದು ರಾಂಕೊ ಬಹಳ ದಿನ ನಂಬಿದ್ದ. ಮೊದಲ ಪುಟ ಉಳಿಸಿದ ದಿನ ಅದರ ಒಡೆಯನಿಗೆ ಕ್ಷಮಾಪಣೆಯ ಪತ್ರವನ್ನೂ ಬರೆದಿದ್ದ. (‘ಬೇಕಾದಾಗ ವಾಪಸು ಕೇಳಿ, ಸಂಕೋಚ ಬೇಡ.’) ಆ ಭ್ರಮೆ ಕಳೆದದ್ದೇ ತಡ, ಹಿಡಿತ ತಪ್ಪಿತು. ನೋವಿ ಸಾದ್ ಊರಿನ ಟೈರ್ ಗೋದಾಮಿನಲ್ಲಿ ಸಂಬಳಕ್ಕೆ ಕೂತು, ಮೆಚ್ಚಿದ ಪುಟಗಳನ್ನೆಲ್ಲ ಪೇರಿಸಿ, ಲೋಕಕ್ಕೆಲ್ಲ ಕಾಣುವಂತೆ ಪಟ್ಟಿ ಹಾಕುವುದೇ ಅವನ ಪರೋಪಕಾರವಾಯಿತು. ಲೋಕದ ಪರವಾಗಿ ಅದನ್ನು ದಿನವೂ ನೋಡುತ್ತಿದ್ದವರು ಒಬ್ಬರೇ, ಪಕ್ಕದ ಮನೆಯ ವಿದೊಸಾವಾ ಚಿಕ್ಕಮ್ಮ.

ಆ ವರ್ಷ ಅಪ್ಪ ತಿಹೊಮಿರ್ ಮನೆದೇವರಾದ ಸಂತ ನಿಕೊಲಾನ ಹಬ್ಬವನ್ನು ಮಗನಿಗೆ ವಹಿಸಿಕೊಟ್ಟರು. ತಲೆಮಾರುಗಳಿಂದ ಆರದ ಮೇಣದಬತ್ತಿ ಅದು. ಉಪವಾಸದ ತಿಂಗಳಾದ್ದರಿಂದ ಮಾಂಸ ಕೂಡದು, ಮೀನಾಗಬಹುದು. ಯಾರನ್ನೂ ಕರೆಯುವಂತಿಲ್ಲ; ನೆನಪಿದ್ದವರು ತಾವೇ ಬರುತ್ತಾರೆ. ಬಂದವರು ಹಸಿದು ಹೋದರೆ ಮನೆತನಕ್ಕೇ ಕಳಂಕ.

“ಮೀನುಸಾರು ನನ್ನ ಹೊಣೆ,” ಎಂದು ರಾಂಕೊ ಘೋಷಿಸಿದ.

“ನೀನಾ? ಮೊಟ್ಟೆ ಬೇಯಿಸೋಕ್ಹೋಗಿ ಪಾತ್ರೆ ಸುಟ್ಟೋನು?” ಎಂದಳು ಹೆಂಡತಿ ಯಾಸ್ನಾ.

“ನೋಡ್ತಿರು. ನಿಮ್ಮಮ್ಮನೂ ಬೆರಳು ಚೀಪ್ಬೇಕು.”

ಹಬ್ಬದ ಬೆಳಗಿನ ಹೊತ್ತಿಗೆ ಪಟ್ಟಿಯಲ್ಲಿ ನೂರ ಹನ್ನೆರಡು ಮೀನುಸಾರುಗಳಿದ್ದವು. ಮೀನು ಮಾತ್ರ ಇನ್ನೂ ಬಚ್ಚಲ ತೊಟ್ಟಿಯಲ್ಲಿ ನಿಶ್ಚಿಂತೆಯಿಂದ ಈಜುತ್ತಿತ್ತು.

“ರಾಂಕೊ, ಹನ್ನೊಂದಾಯ್ತು!”

“ಇರು ಮಾರಾಯ್ತಿ, ಇನ್ನೊಂದು ಸಿಕ್ಕಿದೆ. ಇದು ಉಳಿದಿದ್ದಕ್ಕಿಂತ ಚೆನ್ನಾಗಿರೋ ಹಾಗಿದೆ.”

ಅದನ್ನು ಉಳಿಸುವಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ಅಪ್ಪ, ಅಪ್ಪನ ಹಿಂದೆ ಗೋದಾಮಿನ ಒಂಬತ್ತು ಜನ. ಯಾಸ್ನಾಳ ಕಣ್ಣು ತುಂಬಿ ಬಂತು. ರಾಂಕೊ ತಣ್ಣನೆಯ ಒಲೆಯನ್ನು ಬೆನ್ನಿನಿಂದ ಮರೆಮಾಡಿ ನಿಂತ. ಆಗ ಎಲ್ಲರನ್ನೂ ಮೊಣಕೈಯಿಂದ ಸರಿಸುತ್ತ ವಿದೊಸಾವಾ ಚಿಕ್ಕಮ್ಮ ಒಳಬಂದರು, ಕೈಯಲ್ಲಿ ಹಬೆಯಾಡುವ ದೊಡ್ಡ ಪಾತ್ರೆ.

ಎರಡೆರಡು ಸಲ ಬಡಿಸಿಕೊಂಡ ಮೇಲೆ ಅಪ್ಪ ಮೀಸೆ ಒರೆಸಿಕೊಂಡು, “ಮಗನೇ, ಗೆದ್ದೆ ಕಣೋ,” ಎಂದರು.

ಸುಮ್ಮನಿದ್ದಿದ್ದರೆ ರಾಂಕೊ ಬದುಕಿಕೊಳ್ಳುತ್ತಿದ್ದ. “ಎಲ್ಲ ನನ್ನ ಪಟ್ಟಿಯ ಪುಣ್ಯ ಅಪ್ಪಾ,” ಎಂದುಬಿಟ್ಟ. “ಚಿಕ್ಕಮ್ಮ ದಿನಾ ನೋಡ್ತಾರೆ.”

“ಹೌದಾ ವಿದೊಸಾವಾ? ಈ ಸಾರು ಅದರಲ್ಲಿ ಎಷ್ಟನೇದು?”

ಚಿಕ್ಕಮ್ಮ ಸೌಟು ಕೆಳಗಿಟ್ಟರು.

“ಸಾರು ನಮ್ಮಮ್ಮ ಕಲಿಸಿದ್ದು. ಇವತ್ತು ಬೆಳಗ್ಗೆನೂ ಪಟ್ಟಿ ಬೆಳೀತಾನೇ ಇತ್ತು. ಇವನಿನ್ನೂ ಒಲೆ ಹಚ್ಚಿಲ್ಲ ಅಂತ ಗೊತ್ತಾಗಿದ್ದು ಅದರಿಂದ.”